ಗಡಿಗೆ ಬಂದು ನಿಲ್ಲುವ ಲೆಕ್ಕ: ಉಮರ್ಗಾ, ನಿಲಂಗಾ, ಉದಗೀರ ಮತ್ತು ಪ್ರಾದೇಶಿಕ ಅಸಮತೋಲನದ ಅಧ್ಯಯನಗಳು

ಯಾವ ಊರು ಎಷ್ಟು ಹಿಂದುಳಿದಿದೆ, ಅದನ್ನು ಮುಂದೆ ತರಲು ಎಷ್ಟು ಹಣ ಬೇಕು ಎಂಬುದನ್ನು ಅಳೆಯುವ ಶಾಸ್ತ್ರಕ್ಕೆ ಪ್ರಾದೇಶಿಕ ಅರ್ಥಶಾಸ್ತ್ರ ಎನ್ನುತ್ತಾರೆ. ಈ ವಿಷಯದಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ರಾಜ್ಯಗಳಲ್ಲಿ ದೊಡ್ಡ ಅಧ್ಯಯನಗಳು ನಡೆದಿವೆ. ಅವುಗಳ ಆಧಾರದ ಮೇಲೆಯೇ ಅನುದಾನ ಹಂಚಿಕೆಯಾಗಿದೆ, ಮಂಡಳಿಗಳು ಹುಟ್ಟಿವೆ, ಸಂವಿಧಾನಕ್ಕೇ ತಿದ್ದುಪಡಿಯಾಗಿದೆ. ಆದರೆ ಒಂದು ರಾಜ್ಯದ ಅಧ್ಯಯನ ಗಡಿಯ ಕಲ್ಲಿನ ತನಕ ಬಂದು ನಿಲ್ಲುತ್ತದೆ. ಕಲ್ಲಿನ ಆಚೆ ಇನ್ನೊಂದು ರಾಜ್ಯದ ಲೆಕ್ಕ, ಇನ್ನೊಂದು ಅಳತೆಗೋಲು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ-ಮರಾಠಿ ದ್ವಿಭಾಷಿಕ ಹಳ್ಳಿಗಳಿಗೆ ಈ ಎರಡೂ ಲೆಕ್ಕಗಳ ತಿಳಿವಳಿಕೆ ಅಗತ್ಯ. ಅದರ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಒಂದೇ ಜಿಲ್ಲೆ ಎರಡಾದದ್ದು

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದಾಗ ಇಂದಿನ ಬೀದರ್, ಕಲಬುರಗಿ, ಲಾತೂರ್, ಧಾರಾಶಿವ ಜಿಲ್ಲೆಗಳೆಲ್ಲ ಅದರ ಒಳಗಿದ್ದವು. ಈಗಲೂ ಅದೇ ದಿನ ಆ ಕಡೆ ಕಲ್ಯಾಣ ಕರ್ನಾಟಕ ಉತ್ಸವ, ಈ ಕಡೆ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ ಆಚರಣೆಯಾಗುತ್ತದೆ. ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲ್ಲೂಕುಗಳು ಆಗ ಬೀದರ್ ಜಿಲ್ಲೆಗೆ ಸೇರಿದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು.

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಂತೆ ಬೀದರಿನ ಈ ಮೂರು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಉಳಿದ ಬೀದರಿನ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. 1982ರ ಆಗಸ್ಟ್ 16ರಂದು ಲಾತೂರ್ ಪ್ರತ್ಯೇಕ ಜಿಲ್ಲೆಯಾದಾಗ ನಿಲಂಗಾ, ಉದಗೀರ ಅದರ ಪಾಲಾದವು. ಹೀಗೆ ಮಾಂಜ್ರಾ ನದಿಯ ಬಯಲಿನ ಕಪ್ಪು ಮಣ್ಣು, ತೊಗರಿ-ಉದ್ದು-ಹೆಸರಿನ ಬೆಳೆ, ಬೀಗತನ ಎಲ್ಲ ಮೊದಲಿನಂತೆಯೇ ಉಳಿದರೂ ಸರಕಾರದ ಕಾಗದ ಮಾತ್ರ ಬೇರೆಯಾಯಿತು. ಈ ಕಡೆ ಹೊಲಕ್ಕೆ ಸಾತ್‌ಬಾರಾ, ಆ ಕಡೆ ಹೊಲಕ್ಕೆ ಪಹಣಿ.

ದಾಂಡೇಕರ್ ಸಮಿತಿ ಮತ್ತು ‘ಅನುಶೇಷ’

ಮಹಾರಾಷ್ಟ್ರದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರು ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್. 1930ರಲ್ಲಿ ಸ್ಥಾಪನೆಯಾದ ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು. ನೀಲಕಂಠ ರಥ್ ಅವರೊಂದಿಗೆ 1971ರಲ್ಲಿ ಪ್ರಕಟಿಸಿದ ಭಾರತದ ಬಡತನದ ಅಧ್ಯಯನದಿಂದ ದೇಶದಲ್ಲೆಲ್ಲ ಹೆಸರಾದವರು. 1983ರಲ್ಲಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸತ್ಯಶೋಧನಾ ಸಮಿತಿ 1984ರಲ್ಲಿ ವರದಿ ಕೊಟ್ಟಿತು.

ಸಮಿತಿಯ ವಿಧಾನ ಸರಳ. ರಸ್ತೆ, ನೀರಾವರಿ, ವಿದ್ಯುತ್, ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಮುಂತಾದ ಒಂದೊಂದು ಬಾಬಿನಲ್ಲೂ ರಾಜ್ಯದ ಸರಾಸರಿ ತೆಗೆಯುವುದು. ಸರಾಸರಿಗಿಂತ ಯಾವ ಜಿಲ್ಲೆ ಎಷ್ಟು ಕೆಳಗಿದೆಯೋ ಅಷ್ಟು ಅದರ ಬಾಕಿ. ಆ ಬಾಕಿ ತೀರಿಸಲು ತಗಲುವ ಖರ್ಚನ್ನು ರೂಪಾಯಿಯಲ್ಲಿ ಹೇಳುವುದು. ಇದಕ್ಕೆ ಮರಾಠಿಯಲ್ಲಿ ‘ಅನುಶೇಷ’ ಎಂಬ ಹೆಸರು ಬಿತ್ತು. ರಾಜಕೀಯ ಭಾಷಣಗಳಲ್ಲಿ ಇಂದಿಗೂ ಕೇಳಿಬರುವ ಶಬ್ದ ಅದು.

ಸಮಿತಿ ಲೆಕ್ಕ ಹಾಕಿದ ಒಟ್ಟು ಬಾಕಿ ಸುಮಾರು 3,187 ಕೋಟಿ ರೂ. ಅದರಲ್ಲಿ ಮರಾಠವಾಡಾದ ಪಾಲು ಸುಮಾರು 751 ಕೋಟಿ. ಮುಂದೆ 1994ರ ಸ್ಥಿತಿಯನ್ನು ಆಧರಿಸಿ ಸೂಚ್ಯಂಕ ಮತ್ತು ಅನುಶೇಷ ಸಮಿತಿ ಮತ್ತೆ ಎಣಿಸಿದಾಗ ಒಟ್ಟು ಬಾಕಿ ಸುಮಾರು 14,007 ಕೋಟಿಗೆ, ಮರಾಠವಾಡಾದ ಬಾಕಿ ಸುಮಾರು 4,005 ಕೋಟಿಗೆ ಏರಿತ್ತು. ಹತ್ತು ವರ್ಷದಲ್ಲಿ ಬೆಲೆಗಳೂ ಏರಿದ್ದರಿಂದ ಎರಡೂ ಮೊತ್ತಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೆ ಒಟ್ಟು ಬಾಕಿಯಲ್ಲಿ ಮರಾಠವಾಡಾದ ಪಾಲು ಶೇ. 24ರ ಆಸುಪಾಸಿನಿಂದ ಶೇ. 28 ದಾಟಿದ್ದು ಗಮನಾರ್ಹ.

ಸಂವಿಧಾನದ 371(2)ನೇ ವಿಧಿಯಂತೆ 1994ರಲ್ಲಿ ವಿದರ್ಭ, ಮರಾಠವಾಡಾ ಮತ್ತು ಉಳಿದ ಮಹಾರಾಷ್ಟ್ರಕ್ಕೆ ಮೂರು ವೈಧಾನಿಕ ಅಭಿವೃದ್ಧಿ ಮಂಡಳಿಗಳು ರಚನೆಯಾದವು. ಅವುಗಳ ಅವಧಿ 2020ರ ಏಪ್ರಿಲ್ 30ಕ್ಕೆ ಮುಗಿಯಿತು. ಪುನಾರಚನೆಗೆ ರಾಜ್ಯ ಸಂಪುಟ 2022ರಲ್ಲಿ ತೀರ್ಮಾನ ಕೈಗೊಂಡಿತು.

ಕೇಳ್ಕರ್ ಸಮಿತಿ

2011ರಲ್ಲಿ ಡಾ. ವಿಜಯ ಕೇಳ್ಕರ್ ನೇತೃತ್ವದ ಉನ್ನತ ಮಟ್ಟದ ಸಮಿತಿ ನೇಮಕವಾಯಿತು. ಅದು 2013ರಲ್ಲಿ ಕೊಟ್ಟ ವರದಿ 2014ರ ಡಿಸೆಂಬರಿನಲ್ಲಿ ವಿಧಾನಮಂಡಲದ ಮುಂದೆ ಬಂತು. ಜಿಲ್ಲೆವಾರು ಅನುಶೇಷದ ದಾರಿ ಬಿಟ್ಟು ಪ್ರದೇಶವನ್ನೇ ಘಟಕವಾಗಿ ಹಿಡಿದದ್ದು, ನೀರಿನ ಪ್ರಶ್ನೆಗೆ ಹೆಚ್ಚು ಒತ್ತು ಕೊಟ್ಟದ್ದು ಅದರ ವಿಶೇಷ. ನೀರಿನ ಮಾತು ಎಷ್ಟು ನಿಜ ಎಂಬುದು 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಗಿ ಬಂದಾಗ ದೇಶಕ್ಕೇ ಗೊತ್ತಾಯಿತು.

ಗಡಿಯ ಆಚೆ: ನಂಜುಂಡಪ್ಪ ವರದಿ

ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕದ ಹಿಂದುಳಿಯುವಿಕೆಯನ್ನು ಮೊದಲು ಧರ್ಮಸಿಂಗ್ ಸಮಿತಿ ಪರಿಶೀಲಿಸಿತ್ತು. ಆದರೆ ಇಡೀ ರಾಜ್ಯವನ್ನು ತಾಲ್ಲೂಕುವಾರು ಅಳೆದದ್ದು ಡಾ. ಡಿ. ಎಂ. ನಂಜುಂಡಪ್ಪ ಸಮಿತಿ. 2000ದಲ್ಲಿ ನೇಮಕವಾಗಿ 2002ರ ಜೂನ್‌ನಲ್ಲಿ ವರದಿ ನೀಡಿದ ಈ ಸಮಿತಿ 35 ಸೂಚಕಗಳನ್ನು ಸೇರಿಸಿ ಒಂದು ಸಮಗ್ರ ಸೂಚ್ಯಂಕ ರೂಪಿಸಿತು. ರಾಜ್ಯದ ಸರಾಸರಿ 1 ಎಂದು ಹಿಡಿದು, ಅದಕ್ಕಿಂತ ಕೆಳಗಿದ್ದ ತಾಲ್ಲೂಕುಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲಬರ್ಗಾ ವಿಭಾಗದಲ್ಲೇ ಇದ್ದವು.

ಗಡಿಯ ಓದುಗರು ಗಮನಿಸಬೇಕಾದ ಮಾತೆಂದರೆ ಉಮರ್ಗಾಕ್ಕೆ ಹೊಂದಿದ ಆಳಂದ ಮತ್ತು ಬಸವಕಲ್ಯಾಣ, ನಿಲಂಗಾದ ನೆರೆಯ ಭಾಲ್ಕಿ, ಉದಗೀರ-ದೇವಣಿ ಭಾಗದ ಆಚೆಗಿನ ಔರಾದ್, ಇವೆಲ್ಲವೂ ಆ ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿವೆ. ಸಮಿತಿ ಎಂಟು ವರ್ಷದ ವಿಶೇಷ ಅಭಿವೃದ್ಧಿ ಯೋಜನೆಯನ್ನು, ಒಟ್ಟು 31,000 ಕೋಟಿ ರೂ. ವೆಚ್ಚವನ್ನು ಸೂಚಿಸಿತ್ತು. ಯೋಜನೆ ಜಾರಿಗೆ ಬಂದದ್ದು 2007-08ರಿಂದ.

ಬಳಿಕ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು. ಅದರಡಿ 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾಯಿತು. ಪ್ರದೇಶದ ಸ್ಥಳೀಯರಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲಾತಿ ದೊರೆಯಿತು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು. ನಂಜುಂಡಪ್ಪ ವರದಿಯ ನಂತರದ ಬದಲಾವಣೆಯನ್ನು ಅಳೆಯಲು ಕರ್ನಾಟಕ ಸರಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು.

ಜಿಲ್ಲೆಯೋ, ತಾಲ್ಲೂಕೋ, ಪ್ರದೇಶವೋ?

ಮೂರು ವರದಿಗಳು, ಮೂರು ಅಳತೆಗೋಲು. ದಾಂಡೇಕರ್ ಜಿಲ್ಲೆಯನ್ನು ಹಿಡಿದರು, ನಂಜುಂಡಪ್ಪ ತಾಲ್ಲೂಕನ್ನು, ಕೇಳ್ಕರ್ ಪ್ರದೇಶವನ್ನು. ಇದು ಬರಿಯ ಪಂಡಿತರ ಚರ್ಚೆ ಎನ್ನಲಾಗದು. ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ತಿಳಿಯಬಹುದು.

ರಾಜ್ಯದಲ್ಲಿ ನೂರು ಎಕರೆಗೆ ಸರಾಸರಿ 20 ಎಕರೆ ನೀರಾವರಿ ಇದೆ ಎಂದುಕೊಳ್ಳೋಣ. ಒಂದು ಜಿಲ್ಲೆಯಲ್ಲಿ ಸಮನಾದ ಎರಡು ತಾಲ್ಲೂಕು. ಒಂದರಲ್ಲಿ 28 ಎಕರೆ, ಗಡಿಯ ತಾಲ್ಲೂಕಿನಲ್ಲಿ 8 ಎಕರೆ. ಜಿಲ್ಲೆಯ ಸರಾಸರಿ 18, ಬಾಕಿ ಕೇವಲ 2. ತಾಲ್ಲೂಕನ್ನೇ ಅಳೆದರೆ ಗಡಿಯ ತಾಲ್ಲೂಕಿನ ಬಾಕಿ 12. ಇನ್ನು ಇಡೀ ಪ್ರದೇಶವನ್ನು ಘಟಕ ಮಾಡಿದರೆ ಬೇರೆ ಜಿಲ್ಲೆಗಳ ನೀರಾವರಿ ಸೇರಿ ಈ ಬಾಕಿ ಕಾಣದೆಯೂ ಹೋಗಬಹುದು. ಹೊಲ ಅದೇ, ರೈತ ಅವನೇ. ಲೆಕ್ಕ ಮಾತ್ರ ಮೂರು. ಛತ್ರಪತಿ ಸಂಭಾಜಿನಗರದ ಕಾರಖಾನೆಗಳ ಆದಾಯ ಮರಾಠವಾಡಾದ ಸರಾಸರಿಯನ್ನು ಮೇಲಕ್ಕೆತ್ತಿದರೆ ಅದರಿಂದ ಉಮರ್ಗಾದ ಒಣಬೇಸಾಯಗಾರನಿಗೆ ಬರುವುದೇನೂ ಇಲ್ಲ.

ಆಚೆ-ಈಚೆ ಹೋಲಿಸುವಾಗಲೂ ಇದೇ ತೊಡಕು. ಭಾಲ್ಕಿಯ ಸೂಚ್ಯಂಕವನ್ನು ಕರ್ನಾಟಕದ ಸರಾಸರಿಯ ಎದುರು ತೂಗಲಾಗಿದೆ, ಲಾತೂರಿನ ಬಾಕಿಯನ್ನು ಮಹಾರಾಷ್ಟ್ರದ ಸರಾಸರಿಯ ಎದುರು. ತಕ್ಕಡಿಯ ಕಲ್ಲೇ ಬೇರೆಯಾದ ಮೇಲೆ ಯಾವುದು ಹೆಚ್ಚು ಹಿಂದುಳಿದಿದೆ ಎಂದು ಈ ವರದಿಗಳಿಂದ ಹೇಳಲಾಗದು.

ಮಿರ್ಡಾಲ್ ಹೇಳಿದ್ದು

ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲಿ ಒಂದು ವಿಚಾರ ಮಂಡಿಸಿದರು. ಬೆಳೆದ ಊರು ಸುತ್ತಲಿನ ಹಳ್ಳಿಗಳ ಹಣ, ದುಡಿಯುವ ಕೈ, ಓದಿದ ಹುಡುಗರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಅದೇ ಊರಿನಿಂದ ಹಳ್ಳಿಗಳಿಗೆ ಬೇಡಿಕೆ, ತಂತ್ರಜ್ಞಾನ, ಕೆಲಸ ಹರಡುವುದೂ ಉಂಟು. ಸೆಳೆತ ಹೆಚ್ಚಾದರೆ ಹಳ್ಳಿ ಸೊರಗುತ್ತದೆ, ಹರಡುವಿಕೆ ಹೆಚ್ಚಾದರೆ ಚೇತರಿಸುತ್ತದೆ ಎಂಬುದು ಅವರ ಮಾತಿನ ಸಾರ.

ಸೊಲ್ಲಾಪುರದಿಂದ ಉಮರ್ಗಾ, ಹುಮನಾಬಾದ್ ಮೂಲಕ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಈ ಎರಡೂ ಕಾಣುತ್ತವೆ. ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರ ಬಸ್ಸುಗಳು ಅದೇ ರಸ್ತೆಯಲ್ಲಿ, ಕಾಳು ಹೇರಿದ ಲಾರಿಗಳೂ ಅದೇ ರಸ್ತೆಯಲ್ಲಿ. ಲಾತೂರ್, ಉದಗೀರ, ಕಲಬುರಗಿ ತೊಗರಿಯ ದೊಡ್ಡ ಪೇಟೆಗಳು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಗಡಿಯ ರೈತ ಯಾವ ಅಡತಿಯಲ್ಲಿ ಭಾವ ಚೆನ್ನಾಗಿದೆಯೋ ಅಲ್ಲಿಗೆ ಚೀಲ ಒಯ್ಯುತ್ತಾನೆ. ಆದರೆ ಆಚೆಯ ಪೇಟೆಗೆ ಹೋದ ಅವನ ಮಾಲು ಆಚೆಯ ಪೇಟೆಯ ಆವಕದಲ್ಲೇ ಸೇರುತ್ತದೆ. ಗಡಿ ದಾಟಿದ ಚೀಲವೆಷ್ಟು ಎಂಬುದು ಎರಡು ರಾಜ್ಯಗಳ ಅಭಿವೃದ್ಧಿ ಸೂಚ್ಯಂಕಗಳಲ್ಲಿ ಎಲ್ಲಿಯೂ ಇಲ್ಲ.

ಎರಡು ಪಟ್ಟಿಯ ನಡುವಿನ ವಿದ್ಯಾರ್ಥಿ

ಲೆಕ್ಕದ ಗೆರೆ ಹೆಚ್ಚು ನೋಯಿಸುವುದು ಓದುವ ಮಕ್ಕಳನ್ನು. 371(ಜೆ) ಸೌಲಭ್ಯ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸ್ಥಳೀಯರಿಗೆ ಮಾತ್ರ. ಮನೆಯಲ್ಲಿ ಕನ್ನಡ ಆಡಿದರೂ ನಿಲಂಗಾದ ಹುಡುಗಿಗೆ ಅದು ತಾನಾಗಿ ಸಿಗುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಕಲಮಿನಲ್ಲಿ ಮಹಾರಾಷ್ಟ್ರದಿಂದ ಹೆಸರಿಸಿರುವುದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳು. ಉಮರ್ಗಾ, ನಿಲಂಗಾ, ಉದಗೀರ ಆ ಪಟ್ಟಿಯಲ್ಲಿಲ್ಲ. ಹೊರನಾಡ ಕನ್ನಡಿಗರಿಗೆ ಬೇರೆ ಕಲಮು ಇದ್ದು, ಅದು ತಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಕರು ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ತಾಯಿಯ ತವರು ಭಾಲ್ಕಿಯೋ ಆಳಂದವೋ ಆಗಿದ್ದರೆ 371(ಜೆ) ಪ್ರಮಾಣಪತ್ರದ ಬಗ್ಗೆ ಆ ಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಲೇಸು.

ಈ ಕಡೆಯ ಮಾತು ಹೇಳುವುದಾದರೆ ಧಾರಾಶಿವ ಜಿಲ್ಲೆ 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿತು. ಹಾಗಾಗಿ ಉಮರ್ಗಾ ಆ ಯೋಜನೆಯ ಒಳಗೆ. ಲಾತೂರ್ ಆ ಪಟ್ಟಿಯಲ್ಲಿಲ್ಲದ ಕಾರಣ ನಿಲಂಗಾ, ಉದಗೀರ ಹೊರಗೆ.

ಅಧ್ಯಯನ ಎಲ್ಲಿ ನಡೆಯುತ್ತಿದೆ?

ಗಡಿಯ ಎರಡೂ ಕಡೆ ಇಂದು ವಿಶ್ವವಿದ್ಯಾಲಯಗಳಿವೆ. 1994ರಲ್ಲಿ ಸ್ಥಾಪನೆಯಾದ ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಲಾತೂರ್ ಜಿಲ್ಲೆ ಸೇರುತ್ತದೆ. ಧಾರಾಶಿವ ಜಿಲ್ಲೆ ಛತ್ರಪತಿ ಸಂಭಾಜಿನಗರದ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರುತ್ತದೆ. ಆಚೆ 1980ರ ಗುಲಬರ್ಗಾ ವಿಶ್ವವಿದ್ಯಾಲಯವಿದೆ, 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ವಿ. ಕೆ. ಆರ್. ವಿ. ರಾವ್ ಕಟ್ಟಿದರು. ಪುಣೆಯ ಗೋಖಲೆ ಸಂಸ್ಥೆಯಂತೆ ಇದೂ ಪ್ರಾದೇಶಿಕ ಅಧ್ಯಯನಕ್ಕೆ ಹೆಸರಾದುದು.

ಮರಾಠಿ ವರದಿಯನ್ನೂ ಕನ್ನಡ ವರದಿಯನ್ನೂ ಮೂಲದಲ್ಲೇ ಓದಬಲ್ಲ, ಸಾತ್‌ಬಾರಾ ಮತ್ತು ಪಹಣಿ ಎರಡನ್ನೂ ಬಿಡಿಸಿ ಹೇಳಬಲ್ಲ ವಿದ್ಯಾರ್ಥಿ ಮುಂಬಯಿ-ಬೆಂಗಳೂರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಂಥವರು ಉದಗೀರ, ನಿಲಂಗಾ, ಉಮರ್ಗಾದ ಕಾಲೇಜುಗಳಲ್ಲಿ ಕೂತಿದ್ದಾರೆ. ಗಡಿಯ ಹತ್ತು ಹಳ್ಳಿ ಈ ಕಡೆ, ಹತ್ತು ಹಳ್ಳಿ ಆ ಕಡೆ ಆರಿಸಿ, ಒಂದೇ ಪ್ರಶ್ನಾವಳಿಯಿಂದ ನೀರು, ಶಾಲೆ, ದವಾಖಾನೆ, ಕೂಲಿ, ತೊಗರಿಯ ಭಾವ ಅಳೆದರೆ ಎರಡೂ ರಾಜ್ಯಗಳ ಯೋಜಕರಿಗೆ ಬೇಕಾಗುವ ಅಧ್ಯಯನವಾಗುತ್ತದೆ. ಎಂ.ಎ., ಪಿಎಚ್.ಡಿ. ಮಾರ್ಗದರ್ಶಕರು ಇತ್ತ ಗಮನ ಹರಿಸಬೇಕಾಗಿದೆ.

ಮುಂದಿನ ಎಣಿಕೆ

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಹೀಗಾಗಿ ತಾಲ್ಲೂಕು ಮಟ್ಟದ ಲೆಕ್ಕಗಳು ಬಹುಮಟ್ಟಿಗೆ 2011ರ ಅಂಕಿ-ಅಂಶಗಳನ್ನೇ ನೆಚ್ಚಬೇಕಾಯಿತು. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1 ಎಂದು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. 2011ರಲ್ಲಿ ಮಾತೃಭಾಷೆಯ ಜೊತೆಗೆ ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳಿ ಬರೆದುಕೊಂಡಿದ್ದರು. ಗಡಿಯ ಮನೆಗಳಲ್ಲಿ ಎಣಿಕೆದಾರ ಮರಾಠಿಯಲ್ಲಿ ಕೇಳಿದನೆಂದು ಮಾತೃಭಾಷೆಯ ಕಾಲಮಿನಲ್ಲೂ ಮರಾಠಿ ಎಂದೇ ಬರೆಸಿಬಿಟ್ಟರೆ, ಈ ಹಳ್ಳಿಗಳಲ್ಲಿ ಕನ್ನಡ ಶಾಲೆ ಬೇಕೆಂಬ ಬೇಡಿಕೆಗೆ ಆಧಾರವೇ ಉಳಿಯುವುದಿಲ್ಲ. ಎರಡೂ ಭಾಷೆ ಬಲ್ಲವರು ಎರಡನ್ನೂ ಹೇಳಿ, ಬರೆದುದನ್ನು ಒಮ್ಮೆ ಓದಿಸಿ ಕೇಳಬೇಕು. ನಾಳೆ ಬರುವ ಸಮಿತಿಗಳು ಹಿಡಿಯುವ ಅಳತೆಗೋಲು ಯಾವುದೇ ಇರಲಿ, ಅವು ಲೆಕ್ಕ ಹಾಕುವುದು ಅಂದು ಬರೆಸಿದ ಕಾಗದದಿಂದಲೇ.