ಜನಹಿತ ಉದ್ಯಮ (ಕರ್ನಾಟಕದಲ್ಲಿ)

ಲಾಭದ ಲೆಕ್ಕವನ್ನು ಕೈಬಿಡದೆ, ಗಿರಾಕಿಯ, ದುಡಿಯುವವರ ಮತ್ತು ಊರಿನ ಒಳಿತನ್ನು ವ್ಯಾಪಾರದ ರೀತಿಯೊಳಗೇ ಸೇರಿಸಿಕೊಂಡು ನಡೆಯುವ ಉದ್ಯಮಕ್ಕೆ ಈ ಹೆಸರು ಸಲ್ಲುತ್ತದೆ. ಗಳಿಸಿದ ಮೇಲೆ ದಾನ ಮಾಡುವುದು ಬೇರೆ ಮಾತು. ಧರ್ಮಛತ್ರ ಕಟ್ಟಿಸಿದ ಸಾವಕಾರ ಬಡ್ಡಿಯ ವಿಷಯದಲ್ಲಿ ನಿರ್ದಯಿಯಾಗಿದ್ದಿರಬಹುದು. ಅವನ ಛತ್ರ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಇಂಥ ಉದ್ಯಮಗಳು ವ್ಯಾಪಾರಿ ಸಂಘ, ಸಹಕಾರ ಸಂಘ, ಬ್ಯಾಂಕು, ಹೋಟೆಲು, ನಾಟಕ ಕಂಪನಿ ಹೀಗೆ ಹಲವು ರೂಪಗಳಲ್ಲಿ ಬಂದಿವೆ. ಉಳಿದು ಬೆಳೆದವುಗಳಲ್ಲಿ ಹಲವು ಒಂದು ಸಾಮಾನ್ಯ ಸಂಗತಿಯನ್ನು ಅರಿತಿದ್ದವು: ಬಡವರ ಕೈಗೆ ಹಣ ಚೂರುಚೂರಾಗಿ ಬರುತ್ತದೆ, ಬಂದ ದಿನವೇ ಕರಗುತ್ತದೆ. ಕರುಣೆಯ ಮಾತಿಗಿಂತ ಆ ಚೂರಿಗೆ ಹೊಂದುವ ಲೆಕ್ಕ ಕಟ್ಟಿದ್ದು ಅವುಗಳ ಹೆಚ್ಚುಗಾರಿಕೆ.

ಹಳೆಯ ನೆಲೆಗಳು

ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಮಧ್ಯಕಾಲದ ದಕ್ಷಿಣ ಭಾರತದ ದೊಡ್ಡ ವ್ಯಾಪಾರಿ ಸಂಘ. ತಮ್ಮ ನಡಾವಳಿಯನ್ನು ಅವರು ವೀರಬಣಂಜು ಧರ್ಮ ಎಂದು ಕರೆದುಕೊಂಡರು. ಸರಕಿನ ಹೇರಿಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಗುಡಿ, ಕೆರೆ, ಮಠಗಳಿಗೆ ಬಿಟ್ಟುಕೊಟ್ಟ ವಿವರ ಅನೇಕ ಶಾಸನಗಳಲ್ಲಿದೆ. 1088ರಲ್ಲಿ ಸುಮಾತ್ರಾದ ತೀರದಲ್ಲೂ ಈ ಸಂಘದ ಹೆಸರಿನ ತಮಿಳು ಶಾಸನ ನಿಂತಿತು. ಇದನ್ನು ಬರೀ ಔದಾರ್ಯವೆಂದು ಓದುವುದು ಮುಗ್ಧತನ. ದೂರದ ಊರಿನಲ್ಲಿ ಸರಕು ಇಳಿಸುವವನಿಗೆ ಅಲ್ಲಿಯ ಜನರ ವಿಶ್ವಾಸ ಬೇಕು; ಕೆರೆಗೆ ಕೊಟ್ಟ ಹಣ ಆ ವಿಶ್ವಾಸವನ್ನೂ ತರುತ್ತಿತ್ತು.

12ನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ವ್ಯಾಪಾರಿಯ ಕೈಯಿಂದ ದುಡಿಯುವವನ ಕೈಗೆ ತಂದರು. ಕಾಯಕದಿಂದ ಬಂದದ್ದರಲ್ಲಿ ತನ್ನ ಅಗತ್ಯ ಮೀರಿದ್ದು ದಾಸೋಹಕ್ಕೆ ಎಂಬ ನಿಯಮ ಅವರದು. ಅದರ ಅತ್ಯಂತ ಖಚಿತ ನಿದರ್ಶನ ರಾಯಚೂರು ಜಿಲ್ಲೆಯ ನೆಲಕ್ಕೆ ಸೇರಿದೆ. ಲಿಂಗಸುಗೂರು ತಾಲೂಕಿನ ಗುರುಗುಂಟಾ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ನೀಡಿ ತಾವೂ ಉಣ್ಣುವುದು ಮನೆಯ ಕ್ರಮ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಆಸೆಯನ್ನು ಪ್ರಶ್ನಿಸಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಹೇಳಿದಳೆಂಬುದು ಪರಂಪರೆಯ ಕಥನ. ಈ ಕಥೆಯನ್ನು ಸಾಮಾನ್ಯವಾಗಿ ನಿರ್ಲೋಭದ ಪಾಠವಾಗಿ ಹೇಳುತ್ತಾರೆ. ಲೆಕ್ಕದ ಕಣ್ಣಿನಿಂದ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ: ಮನೆಯ ಖರ್ಚು ಎಷ್ಟು, ದಾಸೋಹದ ಖರ್ಚು ಎಷ್ಟು ಎಂಬುದನ್ನು ಆಕೆ ದಿನದಿನಕ್ಕೆ ಬಲ್ಲವಳಾಗಿದ್ದಳು. ಇಬ್ಬರೂ ವಚನಕಾರರು, ಆಕೆಯ ಅಂಕಿತ ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’. ಶರಣರ ಚಳವಳಿಯನ್ನು ಇಂದಿನ ಅರ್ಥದ ಉದ್ಯಮ ಎನ್ನಲಾಗದು. ಆದರೆ ಮುಂದಿನ ಎಂಟು ಶತಮಾನ ಉತ್ತರ ಕರ್ನಾಟಕದಲ್ಲಿ ಅನ್ನ, ವಿದ್ಯೆ, ದುಡಿಮೆಗಳ ಬಗ್ಗೆ ಯಾರೇ ಮಾತಾಡಿದರೂ ಕಾಯಕ, ದಾಸೋಹ ಎಂಬ ಎರಡು ಪದಗಳನ್ನು ದಾಟಿ ಹೋಗಲಾಗಿಲ್ಲ.

ಸಂಘ ಮತ್ತು ಬ್ಯಾಂಕು

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರ ಮೇ 8ರಂದು, ಗದಗ ತಾಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಏಷ್ಯದಲ್ಲೇ ಇದು ಮೊದಲನೆಯದೆಂದು ಹೆಸರಾಗಿದೆ. ಇದರ ಹಿಂದಿದ್ದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಲೇವಾದೇವಿಯ ಬಡ್ಡಿಯಲ್ಲಿ ಸಿಲುಕಿದ ರೈತರು ತಾವೇ ಪಾಲುಹಣ ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಳ್ಳುವ ಏರ್ಪಾಡು ಇದು. ಸಾಲಗಾರನ ಮನೆಯ ಕಷ್ಟ ಸಂಘದವರಿಗೆಲ್ಲ ಗೊತ್ತಿರುವುದರಿಂದ ದಯೆಗೂ ಎಡೆಯಿತ್ತು, ವಸೂಲಿಗೂ ಎಡೆಯಿತ್ತು.

ಅತ್ತ ಕರಾವಳಿಯಲ್ಲಿ 1906 ಒಂದು ವಿಶೇಷ ವರ್ಷ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು 5000 ರೂಪಾಯಿ ಬಂಡವಾಳದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ತೆರೆದರು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ (1852–1909) ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಕಟ್ಟಿದರು. ಅದೇ ಮುಂದೆ ಕೆನರಾ ಬ್ಯಾಂಕ್. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಮೇಲೆ ಬ್ಯಾಂಕಿಗೆ ಕೈಹಾಕಿದವರು ಅವರು.

ಆದರೆ ಈ ಕಥೆಯ ತಿರುಳು 1925ರ ಉಡುಪಿಯಲ್ಲಿದೆ. ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯ ಟಿ.ಎಂ.ಎ. ಪೈ (1898–1979) 8000 ರೂಪಾಯಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಇದೇ ಸಂಸ್ಥೆ ಪಿಗ್ಮಿ ಠೇವಣಿ ತಂದಿತು. ಏಜೆಂಟ ದಿನವೂ ಮನೆ, ಅಂಗಡಿ, ಸಂತೆಗೆ ಹೋಗುತ್ತಾನೆ. ಎರಡಾಣೆಯಾದರೂ ತೆಗೆದುಕೊಂಡು ಗುರುತು ಹಾಕಿಕೊಡುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಮೀನು ಮಾರುವವಳ ಬಳಿಗೆ ಬ್ಯಾಂಕೇ ನಡೆದು ಬಂತು. ಎರಡಾಣೆ ತರಲು ಏಜೆಂಟನಿಗೆ ಕಮಿಷನ್ ಕೊಡಬೇಕು, ಪುಸ್ತಕ ಬರೆಯಬೇಕು. ಸಂಗ್ರಹದ ಖರ್ಚು ಸಾಮಾನ್ಯ ಠೇವಣಿಗಿಂತ ಹೆಚ್ಚು. ಹಾಗಿದ್ದೂ ಪದ್ಧತಿ ನಿಂತದ್ದು ದಿನದ ಭೇಟಿಯಿಂದ ಹುಟ್ಟಿದ ಪರಿಚಯದ ಬಲದಿಂದ. ಯಾರು ತಪ್ಪದೆ ಕಟ್ಟುತ್ತಾರೆ, ಯಾರ ವ್ಯಾಪಾರ ಏಳುತ್ತಿದೆ ಎಂಬುದು ಕಾಗದಪತ್ರ ಕೇಳದೆಯೇ ತಿಳಿಯುತ್ತಿತ್ತು. ನಾಳೆ ಸಾಲ ಕೊಡುವಾಗ ಅದೇ ಜಾಮೀನು. ಇಂದು ಕರ್ನಾಟಕದ ಯಾವ ಪೇಟೆಯಲ್ಲೂ ಪಿಗ್ಮಿ ಎಂದರೆ ವಿವರಿಸಿ ಹೇಳಬೇಕಿಲ್ಲ.

ಮೆಚ್ಚುಗೆಯ ಜೊತೆಗೆ ಒಂದು ಕಹಿ ಸಂಗತಿಯನ್ನೂ ದಾಖಲಿಸಬೇಕು. ಈ ದಯಾಪರ ಯೋಜನೆಯನ್ನು ಕಾಲ್ನಡೆಯಲ್ಲಿ ಹೊತ್ತ ಏಜೆಂಟರನ್ನು ಬ್ಯಾಂಕುಗಳು ತಮ್ಮ ನೌಕರರೆಂದು ಒಪ್ಪಲಿಲ್ಲ. ಪ್ರಕರಣ ಕೈಗಾರಿಕಾ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಠೇವಣಿ ಸಂಗ್ರಹಿಸುವವರೂ ಕಾರ್ಮಿಕರೇ ಎಂಬ ತೀರ್ಪು ಬಂದದ್ದು 2001ರಲ್ಲಿ. ಗಿರಾಕಿಗೆ ತೋರಿದ ಮಮತೆ ಏಜೆಂಟನವರೆಗೆ ತಲುಪಲು ಏಳು ದಶಕ ಬೇಕಾಯಿತು.

1969ರ ಜುಲೈ 19ರಂದು ಕೆನರಾ, ಸಿಂಡಿಕೇಟ್ ಎರಡೂ ರಾಷ್ಟ್ರೀಕರಣಗೊಂಡವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು.

ರಂಜನೆಯಿಂದ ಅನ್ನ

ನಗು, ಹಾಡು, ಬಣ್ಣಗಳಿಂದ ಜನಹಿತ ನಡೆಸಿದ ಉದ್ಯಮಕ್ಕೆ ಗದಗದ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಒಳ್ಳೆಯ ಉದಾಹರಣೆ ನಾಡಿನಲ್ಲಿ ಸಿಗುವುದು ಕಷ್ಟ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ದೃಷ್ಟಿಹೀನರಾಗಿ ಜನಿಸಿದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಈ ಆಶ್ರಮ ಕಟ್ಟಿದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಹೊಣೆ ಹೊತ್ತರು, ಅವರೂ ದೃಷ್ಟಿಹೀನರು. ನೂರಾರು ಮಕ್ಕಳ ಊಟ, ವಸತಿ, ಪಾಠ ನಡೆಯಬೇಕು, ಶುಲ್ಕವಿಲ್ಲ. ಹಾಗಾದರೆ ಹಣ ಎಲ್ಲಿಂದ?

ಉತ್ತರ, ನಾಟಕ ಕಂಪನಿ. ಪುಟ್ಟರಾಜರು ಆಶ್ರಮದ ಖರ್ಚಿಗೆಂದು ಶ್ರೀ ಕುಮಾರೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ನಡೆಸಿದರು. ಅವರೇ ಬರೆದು ನಿರ್ದೇಶಿಸಿದ ‘ಶ್ರೀ ಶಿವಯೋಗಿ ಸಿದ್ಧರಾಮ’ ಮೊದಲ ನಾಟಕ. ಜನ ಮುಗಿಬಿದ್ದರು, ಪೆಟ್ಟಿಗೆ ತುಂಬಿತು. ಉತ್ತರ ಕರ್ನಾಟಕದಲ್ಲಿ ಜಾತ್ರೆಯೆಂದರೆ ತೇರಿನಷ್ಟೇ ನಾಟಕದ ಟೆಂಟೂ ಮುಖ್ಯ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲುಸಾಲಾಗಿ ಕ್ಯಾಂಪ್ ಹೂಡುತ್ತವೆ. ಅಂಥ ಪೈಪೋಟಿಯಲ್ಲಿ ಪ್ರೇಕ್ಷಕ ಕನಿಕರಕ್ಕೆ ಟಿಕೆಟ್ ಕೊಳ್ಳುವುದಿಲ್ಲ. ಹಾಡು ಚೆನ್ನಾಗಿರಬೇಕು, ಹಾಸ್ಯ ನಗಿಸಬೇಕು, ಇಲ್ಲವಾದರೆ ಪಕ್ಕದ ಟೆಂಟಿಗೆ ಹೋಗುತ್ತಾನೆ. ಆಶ್ರಮದ ಕಂಪನಿ ಈ ಪರೀಕ್ಷೆಯಲ್ಲಿ ಗೆದ್ದದ್ದರಿಂದಲೇ ಅಲ್ಲಿಯ ಮಕ್ಕಳ ತಟ್ಟೆಗೆ ಊಟ ಬಿತ್ತು. ಜೊತೆಗೆ ಪುಟ್ಟರಾಜರಿಗೆ ಊರೂರಲ್ಲಿ ನಡೆದ ತುಲಾಭಾರಗಳ ಹಣವೂ ಆಶ್ರಮಕ್ಕೇ ಸಂದಿತು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು. ದೊಡ್ಡ ಹೆಸರುಗಳಿಗಿಂತಲೂ, ಇಲ್ಲಿ ಕಲಿತು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ಸ್ವಂತ ಸಂಬಳದಲ್ಲಿ ಬದುಕಿದ ಅಂಧರ ಬಳಗವೇ ಈ ಉದ್ಯಮದ ನಿಜವಾದ ಲಾಭ ಎನ್ನಬೇಕು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಅವರು ಲಿಂಗೈಕ್ಯರಾದರು.

ಹೋಟೆಲುಗಳದು ಇನ್ನೊಂದು ಬಗೆ. 1924ರಲ್ಲಿ ಕೋಟದ ಬಳಿಯ ಪಾರಂಪಳ್ಳಿಯ ಮೈಯ ಸಹೋದರರು ಬೆಂಗಳೂರಿನಲ್ಲಿ ತೆರೆದ ಉಪಾಹಾರ ಗೃಹವೇ ಮುಂದೆ ಎಂ.ಟಿ.ಆರ್. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿ ನಿಗದಿ ಮಾಡಿದಾಗ, ಗುಣ ಕೆಡಿಸದೆ ಅದೇ ದರಕ್ಕೆ ಮಾರಿ, ದಿನದ ನಷ್ಟವೆಷ್ಟೆಂದು ಹೊರಗೆ ಫಲಕ ಹಾಕಿದರು. ಇಷ್ಟು ಸಭ್ಯವಾದ, ಇಷ್ಟು ತುಂಟತನದ ಪ್ರತಿಭಟನೆ ವ್ಯಾಪಾರದ ಇತಿಹಾಸದಲ್ಲಿ ಅಪರೂಪ. ಹೋಟೆಲು ಮುಚ್ಚಬೇಕಾಗಿ ಬಂದಾಗ ಅಡುಗೆಯವರನ್ನು ಮನೆಗೆ ಕಳಿಸದೆ, ರವೆ ಇಡ್ಲಿ ಮುಂತಾದವುಗಳ ಸಿದ್ಧ ಹಿಟ್ಟು ತಯಾರಿಸಿ ಮಾರಲು ತೊಡಗಿದರು. ಉಳಿಸಿಕೊಂಡ ಕೆಲಸಗಾರರೇ ಹೊಸ ಉದ್ಯಮದ ಬೇರಾದರು. 2007ರಲ್ಲಿ ಆ ಆಹಾರ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ತುರ್ತುಪರಿಸ್ಥಿತಿಗೂ ಮೊದಲೇ, ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಕೈಬಿಟ್ಟಾಗ, ಅವರು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಇಂಡಿಯನ್ ಕಾಫಿ ಹೌಸ್‌ನಲ್ಲಿ ಇಂದಿಗೂ ಬಡಿಸುವವನೇ ಮಾಲೀಕ.

ಇತ್ತೀಚಿನ ಪ್ರಯತ್ನಗಳು

1995ರಲ್ಲಿ ಹರೀಶ್ ಹಂದೆ ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೊ, ಬಡವರಿಗೆ ಸೌರದೀಪ ಮಾರಿ ಬದುಕಲು ಸಾಧ್ಯವೆಂದು ತೋರಿಸಿತು. ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬ ಬೀದಿ ವ್ಯಾಪಾರಿಯ ಮಾತನ್ನು ಹಂದೆ ಹಲವೆಡೆ ಹೇಳಿದ್ದಾರೆ. 1928ರ ಎರಡಾಣೆಯ ಲೆಕ್ಕ ಇಲ್ಲಿ ಮತ್ತೆ ಕಾಣುತ್ತದೆ. ಗ್ರಾಮೀಣ ಬ್ಯಾಂಕು, ಸಹಕಾರ ಸಂಘಗಳಿಂದ ಸಾಲ ಕೊಡಿಸಿ, ಗಿರಾಕಿಯ ಗಳಿಕೆಗೆ ತಕ್ಕ ಕಂತು ಗೊತ್ತುಮಾಡುವುದು ಸೆಲ್ಕೊದ ಕ್ರಮ. ಹಂದೆಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆ ಸಹಕಾರ ಸಂಘದ ರೈತರಿಂದ ತಿಂಗಳಿಗೆ 5 ರೂಪಾಯಿ ಪಡೆದು ಶಸ್ತ್ರಚಿಕಿತ್ಸೆಯ ಖರ್ಚು ಭರಿಸಿತು. ಇದರ ಕಲ್ಪನೆಯಲ್ಲಿ ಹೃದಯತಜ್ಞ ದೇವಿ ಶೆಟ್ಟಿಯವರ ಪಾತ್ರ ದೊಡ್ಡದು. 2018ರಲ್ಲಿ ನಿಂತ ಯೋಜನೆ 2022ರಲ್ಲಿ ಮತ್ತೆ ಆರಂಭವಾಯಿತು.

ಎಲ್ಲವೂ ಗೆದ್ದಿಲ್ಲ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ, ಸಹಜ ಬಣ್ಣದ ಕೈಮಗ್ಗದ ಬಟ್ಟೆಯನ್ನು ‘ದೇಸಿ’ ಅಂಗಡಿಗಳ ಮೂಲಕ ನಗರದವರ ಮೈಗೆ ತೊಡಿಸಿತು. 2020ರಲ್ಲಿ, ಕೋವಿಡ್ ಕಾಲದ ನಷ್ಟದ ನಡುವೆ, ಅದೇ ಸಂಘ ತಾನು ದಿವಾಳಿಯೆಂದು ಬಹಿರಂಗವಾಗಿ ಸಾರಬೇಕಾಯಿತು. ಮನ ಗೆದ್ದರೂ ಕೈಯಲ್ಲಿ ದುಡಿಯುವ ಬಂಡವಾಳ ಇಲ್ಲದಿದ್ದರೆ ಉದ್ಯಮ ಎಷ್ಟು ಬಡಕಲು ಎಂಬುದಕ್ಕೆ ಇದು ಸಾಕ್ಷಿ.

ತುಂಗಭದ್ರೆಯ ದಡದಲ್ಲಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು; 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿತು. 1953ರ ತುಂಗಭದ್ರಾ ಅಣೆಕಟ್ಟು ಮತ್ತು ಎಡದಂಡೆ ಕಾಲುವೆ ಒಣಭೂಮಿಯನ್ನು ಭತ್ತದ ಗದ್ದೆ ಮಾಡಿದವು. ಮುಕ್ಕುಂದದಂಥ ನದೀದಡದ ಹಳ್ಳಿಗಳ ಸುತ್ತಲೂ ಹಣದ ಚಲನೆ ಬದಲಾಯಿತು. ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲೇ 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆರಂಭವಾಗಿ ರಾಯಚೂರು ಜಿಲ್ಲೆಯ ಹಳ್ಳಿಗಳನ್ನೂ ತಲುಪಿತು. ಹಲವು ವಿಲೀನಗಳ ನಂತರ 2025ರಲ್ಲಿ ಅದರ ಪರಂಪರೆ ರಾಜ್ಯಕ್ಕೆ ಒಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ.

ಬ್ಯಾಂಕು ಮುಟ್ಟದ ಮನೆಗಳಿಗೆ ಮೊದಲು ಸ್ತ್ರೀಶಕ್ತಿ ಸಂಘಗಳು, ಬಳಿಕ ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು. ಪಿಗ್ಮಿ ಏಜೆಂಟ ತಟ್ಟಿದ ಬಾಗಿಲನ್ನೇ ಇವರೂ ತಟ್ಟಿದರು. ಆದರೆ ಅವನು ಉಳಿತಾಯ ಕೇಳಲು ಬರುತ್ತಿದ್ದ, ಇವರು ಬಾಕಿ ಕೇಳಲು ಬಂದರು. ‘ಸಂಘದ ಸಾಲ’ ತೀರಿಸಲು ಇನ್ನೊಂದು ಸಂಘದ ಸಾಲ ಎಂಬುದು ರಾಜ್ಯದ ಹಳ್ಳಿಗಳ ಮಾಮೂಲಿ ಮಾತಾಯಿತು. ಕಿರುಕುಳದ ದೂರುಗಳು ಹೆಚ್ಚಿದಾಗ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಟಿತು. 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ವಸೂಲಿಯ ದೌರ್ಜನ್ಯಕ್ಕೆ ಅದು ಕಡಿವಾಣ ಹಾಕುತ್ತದೆ. ಆದರೆ ಕಾಲುವೆ ಬಯಲಿನ ರೈತನಿಗೆ ಭತ್ತದ ಹಣ ಬರುವುದು ಸುಗ್ಗಿಗೆ, ಕೂಲಿಯವಳಿಗೆ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ. ಕಂತಿನ ತಾರೀಖು ಮಾತ್ರ ವಾರಕ್ಕೋ ತಿಂಗಳಿಗೋ ತಪ್ಪದೆ ಬರುತ್ತದೆ, ಅದಕ್ಕೆ ಆ ಕಾನೂನು ಕೈಹಾಕಿಲ್ಲ.