ವಾಹನದ ಬ್ಯಾಟರಿ: ಎಷ್ಟು ಆಂಪಿಯರ್‌ನಲ್ಲಿ ಚಾರ್ಜ್ ಮಾಡಬೇಕು?

ಕಾರು, ರಿಕ್ಷಾ, ಬೈಕುಗಳನ್ನು ಸ್ಟಾರ್ಟ್ ಮಾಡಲು ಈಗಲೂ ಹೆಚ್ಚಾಗಿ ಬಳಕೆಯಲ್ಲಿರುವುದು ಸೀಸ ಮತ್ತು ಆಸಿಡ್‌ನ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ತತ್ವವೇ ಇವತ್ತಿಗೂ ನಡೆಯುತ್ತಿದೆ. ಬ್ಯಾಟರಿ ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಅದು ಕರಗಿ ಆಸಿಡ್‌ಗೆ ಮರಳುತ್ತದೆ. ಈ ಕೆಲಸಕ್ಕೆ ಸಮಯ ಬೇಕು. ಆತುರ ಮಾಡಿದರೆ ನಷ್ಟ ಮಾಲಕನಿಗೇ.

ಬ್ಯಾಟರಿ ಅಂಗಡಿಗಳಲ್ಲಿ ಹಿಂದಿನಿಂದ ನಡೆದುಬಂದ ಲೆಕ್ಕ ಸುಲಭ. ಬ್ಯಾಟರಿ ಮೇಲೆ ಬರೆದ ಆಂಪಿಯರ್-ಅವರ್ (ಎಎಚ್) ಸಂಖ್ಯೆಯ ಹತ್ತನೇ ಒಂದು ಭಾಗ. ಅಂದರೆ 35 ಎಎಚ್‌ನ ಕಾರು ಬ್ಯಾಟರಿಗೆ ಮೂರೂವರೆ ಆಂಪಿಯರ್, 5 ಎಎಚ್‌ನ ಬೈಕ್ ಬ್ಯಾಟರಿಗೆ ಬರೀ ಅರ್ಧ ಆಂಪಿಯರ್. ಕಾರಿನ ಚಾರ್ಜರನ್ನೇ ಬೈಕಿಗೂ ಸಿಕ್ಕಿಸಿ ರಾತ್ರಿಯಿಡೀ ಬಿಡುವವರು ಇದನ್ನು ಗಮನಿಸುವುದಿಲ್ಲ.

ಖಾಲಿ ಬ್ಯಾಟರಿ ಮೊದಮೊದಲು ಸ್ವಲ್ಪ ಹೆಚ್ಚು ಕರೆಂಟ್ ತಾಳಿಕೊಳ್ಳುತ್ತದೆ. ಆದರೆ ತುಂಬುತ್ತಾ ಬಂದ ಹಾಗೆ ಪ್ಲೇಟು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಆಗ ಮಿಕ್ಕಿದ ಕರೆಂಟ್ ನೀರನ್ನೇ ಒಡೆದು ಹೈಡ್ರೋಜನ್, ಆಕ್ಸಿಜನ್ ಮಾಡುತ್ತದೆ. ನೀರು ಇಳಿಯುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ, ಪ್ಲೇಟಿನ ಮಸಾಲೆ ಉದುರಿ ತಳ ಸೇರುತ್ತದೆ. ಮುಚ್ಚಳ ಇರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬಹುದು, ಸೀಲ್ ಆಗಿರುವುದಕ್ಕೆ ಅದೂ ಸಾಧ್ಯವಿಲ್ಲ. ಎರಡು ಗಂಟೆಯಲ್ಲಿ 'ಫುಲ್' ಮಾಡಿಕೊಡುತ್ತೇವೆ ಎನ್ನುವವರಲ್ಲಿ ಎಷ್ಟು ಆಂಪಿಯರ್ ಅಂತ ಒಮ್ಮೆ ಕೇಳಿ ನೋಡಬೇಕು. ಅರ್ಧ ಖಾಲಿಯಾದ 35 ಎಎಚ್ ಬ್ಯಾಟರಿಗೆ ನಿಧಾನದ ಚಾರ್ಜಿನಲ್ಲಿ ಆರೇಳು ಗಂಟೆಯಾದರೂ ಬೇಕು.

ಹಾಗಂತ ಕಡಿಮೆ ಚಾರ್ಜ್ ಒಳ್ಳೆಯದು ಅಂತಲ್ಲ. ಬ್ಯಾಟರಿ ಖಾಲಿಯಾಗಿಯೇ ಉಳಿದರೆ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಯಾವ ಕರೆಂಟ್ ಕೊಟ್ಟರೂ ಪೂರ್ತಿ ಕರಗದು. ಗಲ್ಫ್‌ಗೆ ಹೋದವರ ಕಾರು ಮನೆಯಂಗಳದಲ್ಲಿ ತಿಂಗಳುಗಟ್ಟಲೆ ನಿಂತು ಬ್ಯಾಟರಿ ಸಾಯುವುದು ಹೀಗೆ. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ 50 ಮಿಲಿಆಂಪಿಯರ್‌ನಷ್ಟು ಎಳೆದರೆ ದಿನಕ್ಕೆ 1.2 ಎಎಚ್ ಹೋಯಿತು. ಹದಿನೈದು ದಿನಕ್ಕೆ 18 ಎಎಚ್, ಅಂದರೆ ಅರ್ಧ ಬ್ಯಾಟರಿ! ಮನೆಯವರು ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಆನ್ ಮಾಡಿ ಇಟ್ಟರೆ ಇದು ತುಂಬುವುದಿಲ್ಲ. ಅರ್ಧ-ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲವೇ ನೆಗೆಟಿವ್ ವೈರ್ ಬಿಚ್ಚಿಟ್ಟು ಹೋಗಬೇಕು.

ಪರೀಕ್ಷೆಗೆ ಸಾದಾ ಮಲ್ಟಿಮೀಟರ್ ಸಾಕು. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. 15 ದಾಟುತ್ತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ರೆಗ್ಯುಲೇಟರ್‌ನದ್ದು. ಅದನ್ನು ಸರಿಮಾಡದೆ ಹೊಸ ಬ್ಯಾಟರಿ ಕೂರಿಸಿದರೆ ಅದೂ ಬೇಗ ಹೋಗುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳ ಲಿಥಿಯಂ ಬ್ಯಾಟರಿಯ ಕಥೆ ಬೇರೆ. ಅಲ್ಲಿ ಕರೆಂಟನ್ನು ನಿಯಂತ್ರಿಸಲು ಒಳಗೇ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಕಂಪೆನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆಯದ್ದು ಹಾಕದಿರುವುದೇ ಕ್ಷೇಮ. ಫಾಸ್ಟ್ ಚಾರ್ಜಿಂಗ್ ದೂರದ ಪ್ರಯಾಣಕ್ಕೆ ಇರಲಿ. ದಿನನಿತ್ಯಕ್ಕೆ ಮನೆಯ ನಿಧಾನದ ಚಾರ್ಜೇ ಸಾಕು.

ಸೀಸದ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವವರು ಗಾಳಿಯಾಡುವ ಜಾಗದಲ್ಲೇ ಇಡಬೇಕು. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೋಜನ್ ಸೇರಿದರೂ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ಕ್ಲಿಪ್ ತೆಗೆಯುವ ಮೊದಲು ಚಾರ್ಜರಿನ ಸ್ವಿಚ್ ಆಫ್ ಮಾಡಬೇಕು, ಹತ್ತಿರದಲ್ಲಿ ಬೀಡಿ-ಸಿಗರೇಟ್ ಬೇಡವೇ ಬೇಡ.