ಉಯಿಲು ಬರೆಸಿದ ಹೆಂಗಸರು

ನಮ್ಮ ಮನೆಗಳಲ್ಲಿ ಉಯಿಲಿನ ಮಾತೆತ್ತಿದರೆ ಸಾಕು, 'ಬಿಡ್ತು ಅನ್ನು' ಎಂದು ಬಾಯಿ ಮುಚ್ಚಿಸುತ್ತಾರೆ. ದೀಪ ಹಚ್ಚುವ ಹೊತ್ತಿನಲ್ಲಂತೂ ಆ ಮಾತೇ ಕೂಡದು. ಮೈಸೂರಿನ ಕಡೆ ಉಯಿಲು, ಧಾರವಾಡದ ಕಡೆ ಮೃತ್ಯುಪತ್ರ, ಹಳೆಯ ಕಾಗದಪತ್ರಗಳಲ್ಲಿ ಮರಣಶಾಸನ. ಎರಡು ಹೆಸರುಗಳಲ್ಲಿ ಸಾವೇ ಎದುರಿಗೆ ಬಂದು ನಿಂತಿದೆ. ಇನ್ನು ಉಯಿಲು ಎಂಬುದು ಇಂಗ್ಲಿಷಿನ ವಿಲ್ ನಮ್ಮ ನಾಲಿಗೆಯಲ್ಲಿ ಹೊರಳಿ ಆದದ್ದು. ಪದದ ಹಾಗೆ ಪದ್ಧತಿಯೂ ಹೊರಗಿನಿಂದಲೇ ಬಂತು. ನಮ್ಮ ಧರ್ಮಶಾಸ್ತ್ರಗಳಲ್ಲಿ ದಾನ ಉಂಟು, ದತ್ತು ಉಂಟು, ವಿಭಾಗ ಉಂಟು. ಸತ್ತ ಮೇಲೆ ನನ್ನದು ಇಂಥವರಿಗೆ ಸೇರಲಿ ಎಂದು ಬರೆದಿಡುವ ಪತ್ರ ಮಾತ್ರ ಇರಲಿಲ್ಲ. ಒಟ್ಟು ಕುಟುಂಬದಲ್ಲಿ ಒಬ್ಬ ಗಂಡಸು ತೀರಿಕೊಂಡರೆ ಅವನ ಪಾಲು ಉಳಿದ ಗಂಡಸರಿಗೆ ತಾನಾಗಿಯೇ ಸೇರುತ್ತಿತ್ತು. ಹೆಂಗಸಿಗೆ ಊಟ, ಬಟ್ಟೆ, ಒಂದು ಮೂಲೆ.

ಬ್ರಿಟಿಷರ ಕಾಲದಲ್ಲಿ ಉಳ್ಳವರು ಉಯಿಲು ಬರೆಸತೊಡಗಿದರು. ಬಾಯಿಮಾತಿನ ಉಯಿಲನ್ನೂ ಕೋರ್ಟುಗಳು ಒಪ್ಪುತ್ತಿದ್ದವು. 1870ರ ಹಿಂದೂ ವಿಲ್ಸ್ ಆ್ಯಕ್ಟ್ ಬಂಗಾಳಕ್ಕೂ ಮದರಾಸು, ಬೊಂಬಾಯಿ ನಗರಗಳಿಗೂ ಬರಹ, ಸಹಿ, ಇಬ್ಬರು ಸಾಕ್ಷಿಗಳ ಕಟ್ಟಳೆಯನ್ನು ತಂದಿತು. ಆಮೇಲೆ 1925ರ ಇಂಡಿಯನ್ ಸಕ್ಸೆಷನ್ ಆ್ಯಕ್ಟ್ ಬಂತು. ಪ್ರೊಬೇಟ್, ಅಂದರೆ ಉಯಿಲು ನಿಜವೆಂದು ಕೋರ್ಟಿನಿಂದ ಮುದ್ರೆ ಒತ್ತಿಸಿಕೊಳ್ಳುವುದು, ಆ ದೊಡ್ಡ ನಗರಗಳ ಜನಕ್ಕೆ ಬಹಳ ಕಾಲ ಕಡ್ಡಾಯವಾಗಿತ್ತು. ನಮ್ಮ ಊರುಗಳವರಿಗೆ ಆ ಕಟ್ಟು ಇರಲಿಲ್ಲ. ಆದರೆ ಯಾರಾದರೂ ತಕರಾರು ತೆಗೆದರೆ ಇಲ್ಲಿಯೂ ಕೋರ್ಟಿನಲ್ಲಿ ಉಯಿಲನ್ನು ಸಾಬೀತು ಮಾಡಲೇಬೇಕು. ಕಷ್ಟ ಶುರುವಾಗುವುದು ಅಲ್ಲಿಯೇ.

ಆಗ ಒಂದೊಂದು ಸೀಮೆಗೆ ಒಂದೊಂದು ಕಾನೂನು. ಇವತ್ತು ನಾವು ಕರ್ನಾಟಕವೆಂದು ಕರೆಯುವ ನಾಡು ಅಂದು ಎಷ್ಟು ಹೋಳಾಗಿತ್ತೆಂಬುದನ್ನು ಹೆಣ್ಣಿನ ಆಸ್ತಿಯ ಕಥೆಯಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳಲಾರದು. ಧಾರವಾಡ, ಬೆಳಗಾವಿ ಬೊಂಬಾಯಿಗೆ ಸೇರಿದ್ದವು. ಅಲ್ಲಿ ತಂದೆಯ ಆಸ್ತಿ ಮಗಳಿಗೆ ವಾರಸಾಗಿ ಬಂದರೆ ಅದು ಅವಳದೇ, ಪೂರ್ತಿ ಅವಳದೇ. ಬಳ್ಳಾರಿ ಮದರಾಸಿಗೆ ಸೇರಿತ್ತು. ಅಲ್ಲಿ ಅದೇ ಮಗಳಿಗೆ ಅದೇ ಆಸ್ತಿ ಬದುಕಿರುವವರೆಗೆ ಅನುಭವಿಸಲಷ್ಟೇ. ಮಾರುವಂತಿಲ್ಲ, ಉಯಿಲು ಬರೆಯುವಂತಿಲ್ಲ. ತುಂಗಭದ್ರೆ ದಾಟಿ ಮದುವೆಯಾಗಿ ಹೋದವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಇನ್ನು ದಕ್ಷಿಣ ಕನ್ನಡದ ಅಳಿಯಸಂತಾನದವರಲ್ಲಿ ಬಳ್ಳಿ ಹರಿಯುವುದೇ ತಾಯಿಯ ಕಡೆಯಿಂದ. ಮದರಾಸಿನ ಸರ್ಕಾರ 1949ರಲ್ಲಿ ಅದಕ್ಕೊಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಮೈಸೂರಿನ ವಕೀಲರೊಬ್ಬರು ಎಷ್ಟೇ ಬುದ್ಧಿವಂತರಾಗಿರಲಿ, ಮಂಗಳೂರಿನ ಕುಟುಂಬವೊಂದರ ಕಾಗದ ನೋಡಿ ತಲೆ ಕೆರೆದುಕೊಳ್ಳಬೇಕಾಗಿತ್ತು. ಊರಿನ ಪದ್ಧತಿ ಬಲ್ಲ ವಕೀಲರನ್ನೇ ಹುಡುಕಿ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ವಕೀಲರನ್ನು ಹುಡುಕುವುದಾದರೂ ಹೇಗೆ? ಗೋಷಾದ ಹೆಂಗಸು ಪರಪುರುಷನ ಮುಂದೆ ಕೂರುವಂತಿಲ್ಲ. ಅವಳ ಪರವಾಗಿ ಮಾತಾಡುವವನು ಮೈದುನನೋ, ಪಾರುಪತ್ಯದವನೋ, ಪುರೋಹಿತನೋ. ಪರದೆಯ ಹಿಂದಿನಿಂದ ಒಂದು ಕೈ ಬಂದು ಹೆಬ್ಬೆಟ್ಟು ಒತ್ತಿ ಹೋದರೆ ಆ ಕೈ ಯಾರದೆಂದು ಕೇಳುವವರಿಲ್ಲ. ಲಂಡನ್ನಿನಲ್ಲಿ ಕೂತಿದ್ದ ಪ್ರಿವಿ ಕೌನ್ಸಿಲಿಗೂ ಇದು ತಿಳಿಯಿತು. 1867ರ ಒಂದು ಮೊಕದ್ದಮೆಯಲ್ಲಿ ಗಂಡನೊಬ್ಬ ಹೆಂಡತಿಯ ಸರ್ಕಾರಿ ಸಾಲಪತ್ರಗಳನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದ. ಅದು ನ್ಯಾಯವಾಗಿ ನಡೆದ ವ್ಯವಹಾರವೆಂದು ತೋರಿಸುವ ಹೊಣೆಯನ್ನು ಕೌನ್ಸಿಲು ಅವನ ತಲೆಗೇ ಕಟ್ಟಿತು. ಅಲ್ಲಿಂದ ಮುಂದೆ ಒಂದು ನಿಯಮ ಗಟ್ಟಿಯಾಯಿತು. ಪರದೆಯ ಹೆಂಗಸು ಸಹಿ ಮಾಡಿದ್ದಾಳೆಂದರೆ ಸಾಲದು. ಪತ್ರವನ್ನು ಅವಳಿಗೆ ಓದಿ ಹೇಳಿದ್ದರೇ, ಅವಳಿಗೆ ಅರ್ಥವಾಗಿತ್ತೇ, ಲಾಭ ಪಡೆಯುವವರ ಸಂಬಂಧವಿಲ್ಲದ ಸಲಹೆಗಾರರು ಅವಳಿಗೆ ಇದ್ದರೇ ಎಂದು ಕೋರ್ಟು ನೋಡತೊಡಗಿತು. ನಿಯಮವೇನೋ ಚೆಂದ. ಆ ಸಲಹೆಗಾರರು ಗಂಡಸರೇ ಆಗಿರಬೇಕು, ಗಂಡಸರು ಒಳಗೆ ಬರಕೂಡದು!

ಈ ಗಂಟನ್ನು ಬಿಡಿಸಲು ಹೊರಟವಳು ನಾಸಿಕದಲ್ಲಿ 1866ರಲ್ಲಿ ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿ 1892ರಲ್ಲಿ ಪರೀಕ್ಷೆ ಮುಗಿಸಿದಳು. ಪದವಿಯನ್ನು ಮಾತ್ರ ಕೊಡಲಿಲ್ಲ. ಹೆಂಗಸರಿಗೆ ಪದವಿ ಕೊಡಲು ಆ ವಿಶ್ವವಿದ್ಯಾಲಯ ಒಪ್ಪಿದ್ದೇ 1920ರಲ್ಲಿ. ಊರಿಗೆ ಬಂದರೆ ಇಲ್ಲಿಯೂ ಸನ್ನದಿಲ್ಲ. ದೇಶೀಯ ಸಂಸ್ಥಾನಗಳಲ್ಲಿ ಅಷ್ಟಿಷ್ಟು ವಾದ ಮಾಡಿದಳು. ಒಂದು ಸಲ ಆನೆಯೊಂದರ ಪರವಾಗಿ ವಾದಿಸಿದ್ದನ್ನೂ, ನಿಮ್ಮನ್ನು ಕಂಡರೆ ನನ್ನ ನಾಯಿಗೆ ಇಷ್ಟ, ಆದ್ದರಿಂದ ಗೆದ್ದಿರಿ ಎಂದು ಅಲ್ಲಿನ ದೊರೆ ತೀರ್ಪು ಕೊಟ್ಟದ್ದನ್ನೂ ಆಕೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ನಗು ಬರುತ್ತದೆ, ಅಷ್ಟು ಓದಿದವಳಿಗೆ ಸಿಕ್ಕಿದ ಕೆಲಸ ಇದೇ ಎಂದು ಹೊಟ್ಟೆಯೂ ಉರಿಯುತ್ತದೆ.

1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಅವಳನ್ನು ಸಹಾಯಕಿಯಾಗಿ ನೇಮಿಸಿತು. ವಿಧವೆಯರ, ಎಳೆಯ ಮಕ್ಕಳ ಜಮೀನುದಾರಿಗಳನ್ನು ನೋಡಿಕೊಳ್ಳುವ ಇಲಾಖೆ ಅದು. ಪಲ್ಲಕ್ಕಿ, ದೋಣಿ, ರೈಲು ಹತ್ತಿ ಅಂತಃಪುರದಿಂದ ಅಂತಃಪುರಕ್ಕೆ ಓಡಾಡಿ, ಚಾಪೆಯ ಮೇಲೆ ಕೂತು ಅವರ ಮಾತು ಕೇಳಿದಳು. ಸುಮಾರು 20 ವರ್ಷಗಳಲ್ಲಿ 600ಕ್ಕೂ ಹೆಚ್ಚು ಹೆಂಗಸರು, ಮಕ್ಕಳಿಗೆ ನೆರವಾದಳೆಂದು ಲೆಕ್ಕ ಹೇಳುತ್ತಾರೆ. ಅವಳ ರಾಜಕೀಯ ನನಗೆ ಒಗ್ಗುವುದಿಲ್ಲ. ಬ್ರಿಟಿಷರ ಪಕ್ಷಪಾತಿ, ಗಾಂಧೀಜಿಯನ್ನು ಕಂಡರೆ ಆಗದು. ಆದರೂ ಆ ಚಾಪೆಯ ಮೇಲಿನ ಕೆಲಸವನ್ನು ಅವಳಿಂದ ಕಿತ್ತುಕೊಳ್ಳಲು ಮನಸ್ಸು ಬರುವುದಿಲ್ಲ. 1916ರಲ್ಲಿ ಕಲ್ಕತ್ತದ ರೆಜಿನಾ ಗುಹಾ, 1921ರಲ್ಲಿ ಪಾಟ್ನಾದ ಸುಧಾಂಶುಬಾಲಾ ಹಾಜ್ರಾ ಸನ್ನದು ಕೇಳಿದಾಗ, ಹೆಂಗಸೆಂಬ ಒಂದೇ ಕಾರಣಕ್ಕೆ ಹೈಕೋರ್ಟುಗಳು ಇಲ್ಲವೆಂದವು. 1921ರಲ್ಲಿ ಅಲಹಾಬಾದು ಸೊರಾಬ್ಜಿಯನ್ನು ಸೇರಿಸಿಕೊಂಡಿತು. 1923ರ ಕಾಯಿದೆ ಬಂದ ಮೇಲೆ ಬಾಗಿಲು ಎಲ್ಲರಿಗೂ ತೆರೆಯಿತು.

ನಮ್ಮ ಮೈಸೂರಿನ ಸರದಿ 1933ರದು. ಆ ವರ್ಷದ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿ ಅದರ ಮೇಲೆ ಅವಳಿಗೆ ಪೂರ್ತಿ ಅಧಿಕಾರ ಕೊಟ್ಟಿತು. ವಿಭಾಗದ ಕಾಲಕ್ಕೆ ವಿಧವೆ, ತಾಯಿ, ಮದುವೆಯಾಗದ ಮಗಳು ಪಾಲು ಕೇಳಬಹುದೆಂದಿತು. ಬ್ರಿಟಿಷ್ ಸೀಮೆಯಲ್ಲಿ ವಿಧವೆಗೆ ಇಂಥದೊಂದು ಕಾನೂನು ಸಿಕ್ಕಿದ್ದು 1937ರಲ್ಲಿ, ಅದೂ ಬದುಕಿರುವವರೆಗಿನ ಹಕ್ಕು ಮಾತ್ರ. ಈ ಒಂದು ವಿಷಯದಲ್ಲಿ ಮೈಸೂರಿನವರು ಸ್ವಲ್ಪ ಹೆಮ್ಮೆ ಪಟ್ಟುಕೊಂಡರೆ ತಪ್ಪೇನಿಲ್ಲ.

ಇದಾದ 12 ವರ್ಷಕ್ಕೆ, 1945ರ ಆಗಸ್ಟ್ 22ರಂದು, ಮೈಸೂರು ಸೀಮೆಯ ಲಕ್ಷ್ಮಮ್ಮ ಎಂಬಾಕೆಯ ಹೆಸರಿನಲ್ಲಿ ಒಂದು ಉಯಿಲು ಬರೆಯಲ್ಪಟ್ಟಿತು. ವಯಸ್ಸಾದ ಹೆಂಗಸು, ಕಾಯಿಲೆ ಬೇರೆ. ಅದನ್ನು ಜಾರಿಗೆ ತರಬೇಕಾದ ಎಕ್ಸಿಕ್ಯೂಟರೇ ಬರೆಸುವುದರಲ್ಲಿ ಮುಂದಾಗಿ ನಿಂತಿದ್ದರು, ಆಸ್ತಿಯಲ್ಲಿ ದೊಡ್ಡ ಭಾಗ ಅವರ ಮಕ್ಕಳಿಗೇ ಹೋಗಿತ್ತು. ಆಕೆ ತೀರಿಕೊಂಡ ಮೇಲೆ ವ್ಯಾಜ್ಯ ಹುಟ್ಟಿತು. ಕೆಳಗಿನ ಕೋರ್ಟಿನಲ್ಲಿ ಉಯಿಲು ಗೆದ್ದಿತು, ಮೈಸೂರು ಹೈಕೋರ್ಟಿನಲ್ಲಿ ಸೋತಿತು. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಕೊಟ್ಟ ತೀರ್ಪಿನಲ್ಲಿಯೂ ಸೋತಿತು. ಬೇರೆ ಪತ್ರಗಳಂತಲ್ಲ ಉಯಿಲು. ಬರೆಸಿದವರು ಬಂದು ಇದು ನನ್ನದೇ ಎಂದು ಹೇಳುವ ಹಾಗಿಲ್ಲ. ಆದ್ದರಿಂದ ಸಂಶಯಕ್ಕೆ ಎಡೆಯಿದ್ದಲ್ಲಿ, ಲಾಭ ಪಡೆಯುವವರೇ ಬರೆಸಲು ಓಡಾಡಿದ್ದಲ್ಲಿ, ಆ ಸಂಶಯವನ್ನೆಲ್ಲ ಅವರೇ ಕಳೆಯಬೇಕು ಎಂಬುದು ತೀರ್ಪಿನ ಸಾರ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಎಂಬ ಈ ಮೊಕದ್ದಮೆಯನ್ನು ದೇಶದ ಯಾವ ಮೂಲೆಯ ಕೋರ್ಟಿನಲ್ಲಿ ಉಯಿಲಿನ ವ್ಯಾಜ್ಯ ಬಂದರೂ ಇಂದಿಗೂ ಉದಾಹರಿಸುತ್ತಾರೆ. ಲಕ್ಷ್ಮಮ್ಮನವರ ಮನಸ್ಸಿನಲ್ಲಿ ನಿಜವಾಗಿ ಏನಿತ್ತೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಅವರಿಗೇ ಅಂತ ಒಬ್ಬ ವಕೀಲರು ಇದ್ದು, ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅವರ ಮಾತು ಕೇಳಿದ್ದರೆ 13 ವರ್ಷಗಳ ಕೋರ್ಟಿನ ಅಲೆದಾಟ ಬೇಕಾಗುತ್ತಿತ್ತೇ ಎಂದು ನಾನು ಯೋಚಿಸುವುದುಂಟು.

1956ರ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಸೀಮಿತ ಹಕ್ಕನ್ನು ತೆಗೆದುಹಾಕಿತು. ಅವಳ ಕೈಗೆ ಬಂದದ್ದು ಪೂರ್ತಿ ಅವಳದಾಯಿತು. ಆಮೇಲೆ ನಮ್ಮ ರಾಜ್ಯದ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು. ಇದೆಲ್ಲ ನೀವು ಕೇಳಿದ್ದೇ. ಕೇಳದೆ ಉಳಿದಿರುವುದು 15ನೆಯ ಕಲಮು. ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಗಂಡನಿಗೆ, ಮಕ್ಕಳಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಾಯಿ ತಂದೆಯರ ಸರದಿ ಅದಾದ ಮೇಲೆ. ಮಕ್ಕಳಿಲ್ಲದವಳಿಗೆ ತೌರಿನಿಂದ ವಾರಸಾಗಿ ಬಂದದ್ದು ತಂದೆಯ ಕಡೆಗೆ ಹಿಂತಿರುಗುತ್ತದೆ, ನಿಜ. ಆದರೆ ಅವಳೇ ದುಡಿದು ಮಾಡಿದ್ದು ಹಾಗಲ್ಲ.

2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೊಕದ್ದಮೆಯೊಂದನ್ನು ಓದಿದಾಗ ನನಗೆ ಎರಡು ದಿನ ಮನಸ್ಸು ಸರಿಯಿರಲಿಲ್ಲ. 1955ರಲ್ಲಿ ಮದುವೆ, ಮೂರು ತಿಂಗಳೊಳಗೆ ಗಂಡ ಹಾವು ಕಡಿದು ಸತ್ತ, ಅತ್ತೆಮನೆಯವರು ಹೊರಗೆ ಹಾಕಿದರು. ತಾಯಿತಂದೆ ಓದಿಸಿದರು, ಕೆಲಸ ಹಿಡಿದಳು, ಉಳಿಸಿದಳು. 1996ರಲ್ಲಿ ತೀರಿಕೊಂಡಳು, ಉಯಿಲಿಲ್ಲ. ಬ್ಯಾಂಕಿನ ದುಡ್ಡು, ಪ್ರಾವಿಡೆಂಟ್ ಫಂಡು, ಆಸ್ತಿ ಎಲ್ಲವೂ ಅವಳನ್ನು ಹೊರಗೆ ಹಾಕಿದ ಮನೆಯ ಕಡೆಯವರಿಗೆ, ಗಂಡನ ಅಕ್ಕತಂಗಿಯರ ಗಂಡುಮಕ್ಕಳಿಗೆ ಹೋಯಿತು. ಕಾನೂನು ಕರುಣೆಯಿಂದ ನಡೆಯುವುದಿಲ್ಲವೆಂದು ಕೋರ್ಟು ಕೈಚೆಲ್ಲಿತು. ಒಂದು ಹಾಳೆ ಕಾಗದ ಇದ್ದಿದ್ದರೆ!

ನನ್ನ ಸೋದರತ್ತೆಯೊಬ್ಬರಿಗೂ ಮಕ್ಕಳಿಲ್ಲ. ಗಂಡ ಬೇಗ ಹೋದರು. ಮೂವತ್ತು ವರ್ಷ ಮೇಷ್ಟರಿಕೆ ಮಾಡಿ ಒಂದು ಮನೆ ಕಟ್ಟಿಸಿದ್ದರು. ಆ ಮನೆ ತಮ್ಮನ್ನು ನೋಡಿಕೊಂಡ ತಂಗಿಗೆ ಸೇರಲೆಂದು ಆಸೆ. ಪತ್ರ ಬರೆಯುವವರ ಹತ್ತಿರ ಸಾಲದೇ, ವಕೀಲರೇಕೆ ಎಂದು ಮನೆಯಲ್ಲಿ ಚರ್ಚೆಯಾಯಿತು. ಕೊನೆಗೆ ನಮ್ಮ ಊರಿನ ಹಳಬ ವಕೀಲರ ಕಚೇರಿಗೆ ನಾನು, ನಮ್ಮಣ್ಣ ಇಬ್ಬರೂ ಜೊತೆಯಲ್ಲಿ ಹೋದೆವು. ಅತ್ತೆ ಕೂತ ಕೂಡಲೇ ಅಣ್ಣ ಎಲ್ಲವನ್ನೂ ತಾನೇ ವಿವರಿಸತೊಡಗಿದ. ವಕೀಲರು ಕನ್ನಡಕ ತೆಗೆದಿಟ್ಟು, 'ನೀವಿಬ್ಬರೂ ಹೋಗಿ ಕಾಫಿ ಕುಡ್ಕೊಂಡು ಬನ್ನಿ. ನಾನು ಟೀಚರಮ್ಮನ ಹತ್ರ ಮಾತಾಡಬೇಕು' ಅಂದರು. ಅಣ್ಣನ ಮುಖ ಕೆಂಪಗಾಯಿತು. 'ನಾವೇನು ಹೊರಗಿನವರಾ ಸಾರ್?' ಅಂದ. 'ಹೊರಗಿನವರಲ್ಲ, ಅದಕ್ಕೇ ಹೋಗಿ ಅಂದದ್ದು' ಅಂದರು ಅವರು. ಮುಕ್ಕಾಲು ಗಂಟೆ ನಾವು ಎದುರಿನ ಹೋಟೆಲಿನಲ್ಲಿ ಕೂತಿದ್ದೆವು.

ಒಳಗೆ ಅವರು ಕೇಳಿದ್ದನ್ನು ಅತ್ತೆ ಆಮೇಲೆ ಹೇಳಿದರು. ಮನೆಯ ಜಾಗ ಯಾರ ದುಡ್ಡಿನದು? ಗಂಡನ ಕಡೆ ಬದುಕಿರುವವರು ಯಾರು? ಬ್ಯಾಂಕಿನ ಠೇವಣಿಗೆ ಯಾರನ್ನು ನಾಮಿನಿ ಮಾಡಿದ್ದೀರಿ? ನಾಮಿನಿ ದುಡ್ಡು ಪಡೆಯುತ್ತಾರೆಯೇ ಹೊರತು ಒಡೆಯರಾಗುವುದಿಲ್ಲವೆಂಬುದು ಅತ್ತೆಗೆ ತಿಳಿದದ್ದೇ ಆವತ್ತು. ತಂಗಿ ನಿಮಗಿಂತ ಮೊದಲು ಹೋದರೆ ಮನೆ ಯಾರಿಗೆ? ಈ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳು, ಸಾಧ್ಯವಾದರೆ ನಿಮಗಿಂತ ಚಿಕ್ಕವರು. ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಇರಬೇಕಲ್ಲ ಎಂದರಂತೆ. ರಿಜಿಸ್ಟರು ಕಡ್ಡಾಯವಲ್ಲ, ಆದರೂ ಮಾಡಿಸಿ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೂ ಕರೆದುಕೊಂಡು ಹೋದರು. 1867ರ ಪ್ರಿವಿ ಕೌನ್ಸಿಲಿನ ಮಾತನ್ನು ಅವರು ಓದಿದ್ದರೋ ಇಲ್ಲವೋ, ನಮ್ಮಿಬ್ಬರನ್ನು ಹೊರಗೆ ಕಳಿಸಿದ್ದು ಮಾತ್ರ ಅದೇ ನ್ಯಾಯ.

2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ 15ನೆಯ ಕಲಮಿನ ಪ್ರಶ್ನೆ ಮತ್ತೆ ಬಂತು. ನಮ್ಮವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠ ಕಲಮನ್ನು ಹೊಡೆದುಹಾಕಲಿಲ್ಲ. ಹೆಂಗಸರೆಲ್ಲ ಕೂಡಲೇ ಉಯಿಲು ಬರೆಸಿಡಿ ಎಂದು ಕೇಳಿಕೊಂಡಿತು. ದೇಶದ ಅತಿ ದೊಡ್ಡ ಕೋರ್ಟು ಹೀಗೆ ಮನೆಯ ಹಿರಿಯಳಂತೆ ಬುದ್ಧಿ ಹೇಳುವುದು ಅಪರೂಪ.

ಅತ್ತೆಯ ಉಯಿಲಿನ ಒಂದು ನಕಲು ವಕೀಲರಲ್ಲಿದೆ, ಮೂಲಪತ್ರ ತಂಗಿಯ ಗಾಡ್ರೇಜ್ ಬೀರುವಿನಲ್ಲಿ. ಎರಡು ವರ್ಷದ ನಂತರ ಅತ್ತೆ ಮನಸ್ಸು ಬದಲಿಸಿ, ಮನೆ ಕೆಲಸದವಳ ಮಗಳ ಓದಿಗೆಂದು ಒಂದಿಷ್ಟು ದುಡ್ಡು ಸೇರಿಸಬೇಕೆಂದರು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದಂತೆ. ಈ ಸಲ ಅವರು ಆಟೋ ಹಿಡಿದು ಒಬ್ಬರೇ ಹೋಗಿಬಂದರು.